ಎರಡು ಮೈಕ್‌ಗೆ ಅಂತ ಮಾರಿದ, ಒಂದೇ ಮೈಕ್ ಹಿಡಿಯುವ ಆಡಿಯೋ ಇಂಟರ್‌ಫೇಸ್ ಬಗ್ಗೆ ದೂರು

ಗ್ರಾಹಕ ಸೇವೆಯವರಿಗೆ ನಮಸ್ಕಾರ,

ಇದು ಐದನೇ ಸಲ. ಮೊದಲ ನಾಲ್ಕು ಸಲ ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದ್ದೆ. ಈ ಪತ್ರದಲ್ಲೂ ಹಾಗೇ ಇರಬೇಕು ಅಂತ ಕೂತಿದ್ದೇನೆ, ನೋಡೋಣ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಮನೆಯಲ್ಲೇ ತಾಳಮದ್ದಳೆ ಪದ ರೆಕಾರ್ಡ್ ಮಾಡುವ ಹುಚ್ಚು. ಮೈಕಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ ಈ ಇಂಟರ್‌ಫೇಸ್. ಇಂಟರ್‌ಫೇಸ್ ತೆಗೆದುಕೊಳ್ಳುವ ಮುಂಚೆ ನಿಮ್ಮ ಚಾಟ್‌ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಭಾಗವತರಿಗೆ ಒಂದು ಕಂಡೆನ್ಸರ್ ಮೈಕ್, ಮದ್ದಳೆಗೆ ಇನ್ನೊಂದು, ಎರಡೂ ಒಟ್ಟಿಗೆ ಬೇರೆ ಬೇರೆ ಟ್ರ್ಯಾಕ್‌ಗೆ ಹೋಗಬೇಕು, ಆಗುತ್ತಾ? "ಆಗುತ್ತೆ ಸರ್, ಟೂ ಇನ್ ಟೂ ಔಟ್, 24 ಬಿಟ್ 192 ಕಿಲೋಹರ್ಟ್ಸ್" ಅಂತ ಉತ್ತರ ಬಂತು. ಎರಡು ಸದ್ದು ಒಳಗೆ, ಎರಡು ಹೊರಗೆ, ಉಳಿದದ್ದು ರೆಕಾರ್ಡಿಂಗಿನ ಗುಣಮಟ್ಟದ ಲೆಕ್ಕ. 11,400 ರೂಪಾಯಿ ಕೊಟ್ಟೆ. ಪೆಟ್ಟಿಗೆ ಬಿಚ್ಚಿದರೆ ಮೈಕ್ ಚುಚ್ಚುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತೂತು ಇರುವುದು ಒಂದೇ. ಎರಡನೆಯದು ಗಿಟಾರ್ ಚುಚ್ಚುವ ಕಾಲಿಂಚಿನ ಜ್ಯಾಕ್. ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಬೇಕು, ಅದು ಎಕ್ಸ್‌ಎಲ್‌ಆರ್ ವಯರಿನಲ್ಲಿ ಬರುತ್ತದೆ, ಗಿಟಾರ್ ಜ್ಯಾಕಿನಲ್ಲಿ ಬರುವುದಿಲ್ಲ. ಮಾರುವವರು ನೀವು, ಗೊತ್ತಿರಬೇಕಲ್ವಾ? ಕುಂಬಳೆ ಸೀಮೆಯಲ್ಲಿ ಗಿಟಾರ್ ಹಿಡಿದ ಭಾಗವತರನ್ನು ನಾನಂತೂ ಈವರೆಗೆ ನೋಡಿಲ್ಲ. 192 ಕಿಲೋಹರ್ಟ್ಸ್ ನೀವೇ ಇಟ್ಟುಕೊಳ್ಳಿ, ನನಗೆ ಇನ್ನೊಂದು ತೂತು ಕೊಡಿ.

ಇನ್ನು ಕಳೆದ ಶನಿವಾರದ ಕರೆ. ಹದಿನೈದು ಕಿಲೋಮೀಟರ್ ದೂರದಿಂದ ಭಾಗವತರು ಬಂದಿದ್ದರು. ಪಕ್ಕದ ತೋಟದ ಪಂಪು ನಿಲ್ಲಲಿ ಅಂತ ಕಾದು, ಸಂಜೆ ಏಳಕ್ಕೆ ನಿಮಗೆ ಫೋನ್ ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ ಅಂದಿತು, ಒತ್ತಿದೆ. ಪಿನ್‌ಕೋಡ್ 671 ಅಂತ ಕಂಡ ಕೂಡಲೇ ಮಲಯಾಳಕ್ಕೆ ದಾಟಿಸಿದರು, ಅಲ್ಲಿಂದ ಇಂಗ್ಲಿಷಿಗೆ, ಇಪ್ಪತ್ತು ನಿಮಿಷ ಆದ ಮೇಲೆ ಒಬ್ಬ ಕನ್ನಡದ ಹುಡುಗ ಸಿಕ್ಕಿದ. "ಸರ್, 48 ವೋಲ್ಟ್ ಬಟನ್ ಒತ್ತಿ." ಒತ್ತಿದೆ. "ಕೆಂಪು ಲೈಟ್ ಬಂತಾ?" ಬಂತು. "ಈಗ ಹಲೋ ಹಲೋ ಅನ್ನಿ." ಅಂದೆ. "ಇನ್ನೂ ಜೋರಾಗಿ ಸರ್." ಯಾರು ಬಂದದ್ದು ಅಂತ ಒಳಗಿನಿಂದ ಅಮ್ಮ ಕೇಳಿದರು. ಮದ್ದಳೆಯವರು ಮುಖ ಆಚೆ ತಿರುಗಿಸಿದರು, ಹೆಗಲು ಕುಲುಕುತ್ತಿತ್ತು. ಎರಡನೇ ತೂತಿಗೆ ಮೂರು ಪಿನ್ನೇ ಇಲ್ಲ ಮಾರಾಯ ಅಂದರೆ, "ವಯರ್ ತಿರುಗಿಸಿ ಹಾಕಿ ನೋಡಿ ಸರ್" ಅಂದ. ಆಮೇಲೆ ಕೊನೆಯ ಸಲಹೆ: "ಸುಮ್ನೆ ಹವ್ಯಾಸಕ್ಕೆ ಅಲ್ವಾ ಸರ್, ಇಬ್ಬರೂ ಒಂದೇ ಮೈಕ್ ಹತ್ತಿರ ಕೂತುಕೊಳ್ಳಿ." ಫೋನ್ ಸ್ಪೀಕರಿನಲ್ಲಿತ್ತು. ಮೂವತ್ತು ವರ್ಷ ಮೇಳದಲ್ಲಿ ಹಾಡಿದ ಭಾಗವತರು ಜಾಗಟೆಯನ್ನು ಚೀಲಕ್ಕೆ ಹಾಕಿ, "ಇನ್ನೊಮ್ಮೆ ನೋಡುವಾ" ಅಂತ ಎದ್ದರು. ಚಾ ಅರ್ಧ ಲೋಟದಲ್ಲೇ ಉಳಿಯಿತು.

ವಾಪಸ್ ಕೇಳಿದರೆ ಪೆಟ್ಟಿಗೆ ಬಿಚ್ಚಿದ್ದೀರಿ ಅಂತೀರಿ. ಫೋಟೋ ನೋಡಿಯೇ ತಿಳಿಯಬೇಕಿತ್ತು, ಸರಿ, ಅದು ನನ್ನ ತಪ್ಪು ಅಂತಲೇ ಇಟ್ಟುಕೊಳ್ಳಿ. ಸಂಶಯ ಬಂದದ್ದಕ್ಕೇ ಅಲ್ವಾ ಚಾಟ್‌ನಲ್ಲಿ ಕೇಳಿದ್ದು? 2020ರ ಇ-ಕಾಮರ್ಸ್ ನಿಯಮ ನಿಮಗೆ ಗೊತ್ತೇ ಇದೆ. ಹೇಳಿದ ಗುಣ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು. 48 ವೋಲ್ಟ್ ಅಂತೂ ಕೊಡಲಿಲ್ಲ, ಗಂಟೆಯ ಲೆಕ್ಕವಾದರೂ ಸರಿಯಿರಲಿ.

2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, 5 ಲಕ್ಷದ ಒಳಗೆ ಫೀಸೂ ಇಲ್ಲ. ನಾನು ಬೆಳಿಗ್ಗೆ ಬಸ್ಸು ಹತ್ತಿ ಕಾಸರಗೋಡಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತೇನೆ, ದೂರದಿಂದ ಬರಬೇಕಾದವರು ನೀವು. ನಿಜ ಹೇಳಬೇಕೆಂದರೆ ಈಗ ದುಡ್ಡಿಗಿಂತ ಕೇಸಿನ ಮೇಲೇ ಆಸೆ ಜಾಸ್ತಿ ಆಗಿದೆ. ಚಾಟ್‌ನ ಸ್ಕ್ರೀನ್‌ಶಾಟ್ ಇದೆ. ಶನಿವಾರದ ಕರೆಯೂ ಪೂರ್ತಿ ರೆಕಾರ್ಡ್ ಆಗಿದೆ, ನನ್ನ ಹಲೋ ಹಲೋ ಸಮೇತ. ಅದಕ್ಕೆ ಒಂದೇ ಮೈಕ್ ಸಾಕಾಯಿತು.