ಹೆಸರಿಲ್ಲದ ಆ ಖಾತೆ ಮತ್ತು ಪೊಲೀಸ್ ದೂರು: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ನಮ್ಮ ಶಾಲೆಯ ಲೋಗೋ ಹಾಕಿಕೊಂಡು ಯಾರೋ ಹೆಸರಿಲ್ಲದೆ ನಡೆಸುತ್ತಿದ್ದ ಸೋಷಿಯಲ್ ಮೀಡಿಯಾ ಖಾತೆಯ ವಿಷಯ ನಿಮಗೆ ಗೊತ್ತೇ ಇದೆ. ಅದರ ಬಗ್ಗೆ ಜಿಲ್ಲೆಯ ಸಿಇಎನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ ನೋಡುವ ಪೊಲೀಸ್ ಠಾಣೆ) ದೂರು ಕೊಟ್ಟಿದ್ದೇವೆ. ಆಮೇಲೆ ಬಂದ ಮಾತುಗಳೂ ನನ್ನ ಕಿವಿಗೆ ಬಿದ್ದಿವೆ. "ಮಕ್ಕಳಾಟಕ್ಕೆ ಪೊಲೀಸ್ ಯಾಕೆ?" ಅಂತ ಕೆಲವರು. "ಶಾಲೆಯ ತಪ್ಪು ಹೇಳಿದರೆ ಬಾಯಿ ಮುಚ್ಚಿಸ್ತೀರಾ?" ಅಂತ ಇನ್ನು ಕೆಲವರು.

ಎರಡನೆಯದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಶೌಚಾಲಯದಲ್ಲಿ ನೀರಿಲ್ಲ, ವ್ಯಾನ್ ಫೀಸು ಜಾಸ್ತಿ, ಪ್ರೇಯರ್‌ನಲ್ಲಿ ಹೆಡ್‌ಮಿಸ್ ಭಾಷಣ ಮುಗಿಯೋದೇ ಇಲ್ಲ ಅಂತೆಲ್ಲ ಆ ಖಾತೆಯಲ್ಲಿ ಬರೆದಿದ್ದರು. ಕೊನೆಯದಕ್ಕೆ ಸ್ಟಾಫ್ ರೂಮಿನಲ್ಲಿ ಒಳ್ಳೇ ನಗು ಎದ್ದಿತ್ತು. ಇದ್ಯಾವುದೂ ನಮ್ಮ ದೂರಿನಲ್ಲಿ ಇಲ್ಲ. ಹೆಸರು ಹಾಕದೆ ಬೇಸರ ಹೇಳಿಕೊಳ್ಳುವುದು ಅಪರಾಧವಲ್ಲ. ಆನ್‌ಲೈನ್‌ನಲ್ಲಿ ಇಂಥದ್ದು ಬರೆದವರ ಮೇಲೆ ಕೇಸು ಹಾಕಲು ಬಳಕೆಯಾಗುತ್ತಿದ್ದ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಸರಿಯಾಗೇ ಮಾಡಿದೆ.

ದೂರು ಇರುವುದು ಎರಡೇ ವಿಷಯಕ್ಕೆ. ನಮ್ಮ ಶಿಕ್ಷಕರೊಬ್ಬರ ಫೋಟೋ, ಹೆಸರು ಹಾಕಿ, ಅವರೇ ಕಳಿಸಿದ ಹಾಗೆ ಮಕ್ಕಳಿಗೆ ಮೆಸೇಜು ಹೋಗಿವೆ. ಇನ್ನೊಂದು, ಒಬ್ಬ ಹುಡುಗಿಯ ಕ್ರೀಡಾಕೂಟದ ಫೋಟೋ ಹಾಕಿ, ಕೆಳಗೆ ಕೆಟ್ಟ ಮಾತು ಬರೆದು, ಅವಳ ತಾಯಿಯ ಫೋನ್ ನಂಬರ್ ಕೊಟ್ಟಿದ್ದಾರೆ. ರಾತ್ರಿಯೆಲ್ಲ ಯಾರ್ಯಾರೋ ಕರೆ ಮಾಡಿದ್ದಾರೆ. ಆ ತಾಯಿ ಫೋನ್ ಆಫ್ ಮಾಡಿ ಅಕ್ಕಿ ಡಬ್ಬಿಯೊಳಗೆ ಹುದುಗಿಸಿಟ್ಟಿದ್ದಾರಂತೆ. ದೂರಿಗೆ ಅವರದ್ದೂ ಸಹಿ ಇದೆ. ಇದನ್ನು ಮಕ್ಕಳಾಟ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

"ನೀವೇ ಕಂಡುಹಿಡಿಯಬಹುದಿತ್ತಲ್ಲ ಮೇಡಂ?" ಅಂತ ಒಬ್ಬರು ಕೇಳಿದರು. ಆಗುವುದಿಲ್ಲ. ಖಾತೆ ಯಾರದ್ದು ಅಂತ ಶಾಲೆ ಕೇಳಿದರೆ ಆ ಸೋಷಿಯಲ್ ಮೀಡಿಯಾ ಕಂಪನಿ ಹೇಳುವುದಿಲ್ಲ, ಹೇಳಲೂಬಾರದು. ಅಧಿಕಾರ ಇರುವ ತನಿಖಾ ಸಂಸ್ಥೆ ಲಿಖಿತವಾಗಿ ಕೇಳಿದರೆ, 2021ರ ಐಟಿ ನಿಯಮಗಳ ಪ್ರಕಾರ 72 ಗಂಟೆಯೊಳಗೆ ತನ್ನಲ್ಲಿರುವ ಮಾಹಿತಿ ಕೊಡಬೇಕು. ಖಾತೆ ಅಳಿಸಿದರೆ ಮುಗೀತು ಅಂತ ಮಕ್ಕಳು ಅಂದುಕೊಂಡಿದ್ದಾರೆ. ಅಳಿಸಿದ ಮೇಲೂ ನೋಂದಣಿಯ ವಿವರವನ್ನು 180 ದಿನ ಇಟ್ಟುಕೊಳ್ಳಬೇಕು ಅಂತ ಅದೇ ನಿಯಮ ಹೇಳುತ್ತದೆ. ಅಲ್ಲಿಂದ ಐಪಿ ವಿಳಾಸ (ಯಾವ ಇಂಟರ್ನೆಟ್ ಸಂಪರ್ಕದಿಂದ ಬಳಸಿದ್ದು ಅಂತ ತೋರಿಸುವ ಸಂಖ್ಯೆ), ಮೊಬೈಲ್ ನಂಬರ್ ಸಿಗಬಹುದು. ನಂಬರ್‌ನಿಂದ ಸಿಮ್ ಯಾರ ಹೆಸರಲ್ಲಿದೆ ಅಂತ. ಹೈಸ್ಕೂಲ್ ಮಕ್ಕಳ ಸಿಮ್ ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಇರುತ್ತದೆ, ಅಲ್ವಾ? ಪೊಲೀಸರ ಫೋನು ಮೊದಲು ಬರುವುದು ನಿಮಗೇ.

ಹೆದರಿಸಲು ಹೇಳುತ್ತಿಲ್ಲ. 18 ತುಂಬದ ಮಕ್ಕಳನ್ನು ಜೈಲಿಗೆ ಕಳಿಸುವುದಿಲ್ಲ, ಅವರ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಆ ಮಗು ಯಾರು ಅಂತ ಗೊತ್ತಾಗುವ ಹಾಗೆ ಪತ್ರಿಕೆ, ಟಿವಿ, ಸೋಷಿಯಲ್ ಮೀಡಿಯಾದಲ್ಲಿ ಹಾಕುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ನಾಳೆ ಗೊತ್ತಾದರೂ ನಾನು ನಿಮಗೆ ಹೇಳುವುದಿಲ್ಲ. ಆದ್ದರಿಂದ ಪೋಷಕರ ಗುಂಪಿನಲ್ಲಿ "ಇಂಥವರ ಮಗನೇ ಇರಬೇಕು" ಅನ್ನುವ ಮಾತು ದಯವಿಟ್ಟು ಬೇಡ. ನಿನ್ನೆ ಒಂದು ಹೆಸರು ಓಡಾಡಿತು, ಸುಮ್ನೆ ಒಂದು ಮನೆಯವರ ನಿದ್ದೆ ಕೆಟ್ಟಿತು.

ಮತ್ತೊಮ್ಮೆ ಹೇಳುತ್ತೇನೆ, ಶಾಲೆಯನ್ನು ಬೈದದ್ದಕ್ಕೆ ಈ ದೂರು ಅಲ್ಲ. ಬೈಯಲು ಮೆಟ್ಟಿಲ ಕೆಳಗೆ ದೂರು ಪೆಟ್ಟಿಗೆ ಇದೆ. ಹೆಸರು ಬರೆಯಬೇಕಾಗಿಲ್ಲ. ಸಿಸಿಟಿವಿಗೆ ಆ ಮೂಲೆ ಕಾಣುವುದಿಲ್ಲ, ಬೇಕಿದ್ದರೆ ಬಂದು ನೋಡಿ. ನೀರಿನ ವಿಷಯಕ್ಕೆ ಪ್ಲಂಬರ್ ಬಂದು ಹೋಗಿದ್ದಾರೆ.

ನಿಮ್ಮಿಂದ ಬೇಕಾದ್ದು ಇಷ್ಟೇ: ಶನಿವಾರದೊಳಗೆ ಮಗುವಿನ ಜೊತೆ ಕೂತು ಕೇಳಿ, ಏನಾದರೂ ಇದ್ದರೆ ಫೋನಿನಲ್ಲಿ ಏನೂ ಅಳಿಸದೆ ನನ್ನ ಹತ್ತಿರ ಕರೆದುಕೊಂಡು ಬನ್ನಿ.

ದೂರು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಮಾತು ಕೊಡಲಾರೆ, ಅದರಲ್ಲಿ ಆ ತಾಯಿಯ ಮಾತೂ ನಡೆಯಬೇಕು. ಆದರೆ ಠಾಣೆಗಾಗಲಿ, ಮಂಡಳಿಗಾಗಲಿ ನಿಮ್ಮ ಜೊತೆ ನಾನೂ ಬರುತ್ತೇನೆ.

ಇಂತಿ,
ಮುಖ್ಯೋಪಾಧ್ಯಾಯಿನಿ