ರೈಲಿನಲ್ಲಿ ಸಿಕ್ಕ ಅಮ್ಮನಿಗೆ ಥ್ಯಾಂಕ್ಸ್

ಸ್ವಿಟ್ಜರ್ಲೆಂಡಿನ ಏಗ್ಲ್‌ನಿಂದ ಬೆಟ್ಟದೂರು ಲೇಜಾಂಗೆ ಹೋಗುವ ರೈಲಿನಲ್ಲಿ ನನ್ನ ಎದುರು ಕೂತಿದ್ದ ಅಮ್ಮ, ನಿಮ್ಮ ಹೆಸರು ಗೊತ್ತಿಲ್ಲ. ನಿಮಗೆ ಕನ್ನಡ ಬರಲ್ಲ. ಆದರೂ ಇಲ್ಲಿ ಹೇಳಿಬಿಡುತ್ತೇನೆ, ಥ್ಯಾಂಕ್ಸ್.

ಹಳಿ ನಡುವಿನ ಹಲ್ಲುಗಳನ್ನು ಹಿಡಿದು ಸುಮಾರು 1,000 ಮೀಟರ್ ಹತ್ತುವ ಪುಟ್ಟ ರೈಲು ಅದು. ಕಿಟಕಿಯಾಚೆ ಆಲ್ಪ್ಸ್. ನನಗೋ ಹೊಟ್ಟೆಯದೇ ಚಿಂತೆ. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಅಂಗಡಿಗಳು ಹೆಚ್ಚುಕಡಿಮೆ ಎಲ್ಲ ಬಂದ್ ಅಂತ ಯಾರೂ ಹೇಳಿರಲಿಲ್ಲ. ನಾನು ಕೇಳದೆಯೇ ನೀವು ಚೀಲದಿಂದ ಬ್ರೆಡ್ಡು, ಚೀಸು, ಎರಡು ಸೇಬು ಕೊಟ್ಟಿರಿ. ಬೇಡ ಅಂದರೂ ಬಿಡಲಿಲ್ಲ, ಥೇಟ್ ನಮ್ಮೂರಿನವರ ಹಾಗೆ! ದೊಡ್ಡ ಸೂಟ್‌ಕೇಸನ್ನು ಹಾಸ್ಟೆಲ್ ಏರಿನವರೆಗೂ ಜೊತೆಗೆ ತಳ್ಳಿದಿರಿ.

ಹದಿನಾಲ್ಕು ದಿನದೊಳಗೆ ಊರಿನ ಕಚೇರಿಯಲ್ಲಿ ಹೆಸರು ಬರೆಸಬೇಕು, ಕಸಕ್ಕೆ ತೆರಿಗೆ ಸೇರಿಸಿ ಮಾರುವ ಬಿಳಿ ಚೀಲವೇ ಬೇಕು ಅಂತ ಅರೆಬರೆ ಇಂಗ್ಲಿಷಿನಲ್ಲಿ, ಜಾಸ್ತಿ ಕೈಸನ್ನೆಯಲ್ಲಿ ತಿಳಿಸಿದ್ದೂ ನೀವೇ. ಕಾಲೇಜಿನ ದಪ್ಪ ಕೈಪಿಡಿಗಿಂತ ಅದೇ ಆ ವಾರ ಉಪಯೋಗಕ್ಕೆ ಬಂತು. ಸುಮ್ನೆ ಹೇಳ್ತಿಲ್ಲ.

ಮತ್ತೆ ಸಿಕ್ಕರೆ ಕೊಡೋಣ ಅಂತ ನನ್ನಮ್ಮ ಕಟ್ಟಿಕೊಟ್ಟ ಕೋಡುಬಳೆ ಸ್ವಲ್ಪ ಎತ್ತಿಟ್ಟಿದ್ದೇನೆ. ಖಾರ ಜಾಸ್ತಿ, ನೀರು ಹತ್ತಿರ ಇಟ್ಟುಕೊಳ್ಳಿ.