ಧೈರ್ಯದ ಜೀನ್ ಎಂದು ಬರೆಯುವ ಮುನ್ನ

ಮೈಸೂರು

ಪ್ರಿಯ ಗೆಳತಿ,

ನೀನು ಮಂಡ್ಯದಿಂದ ಕಳಿಸಿದ ಲೇಖನ ಓದಿದೆ. ಹಾಡುಹಕ್ಕಿಗಳಲ್ಲೂ ಒಂದೊಂದಕ್ಕೆ ಒಂದೊಂದು ಸ್ವಭಾವ ಇರುತ್ತದೆ, ಅದು ಅಪ್ಪ ಅಮ್ಮನಿಂದ ಮರಿಗೆ ಬರುತ್ತದೆ ಅನ್ನೋದನ್ನ ಕನ್ನಡದಲ್ಲಿ ಹೇಳಬೇಕು ಅಂತ ನಿನಗೆ ಅನಿಸಿತಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಹಕ್ಕಿಗಳ ಬಗ್ಗೆ ನಮ್ಮಲ್ಲಿ ಬರೆಯುವವರಿದ್ದಾರೆ. ಆದರೆ ಹೆಚ್ಚಿನವರು ಜಾತಿಯ ಹೆಸರು, ಬಣ್ಣ, ಗೂಡು ಹೇಳಿ ಮುಗಿಸುತ್ತಾರೆ. ಒಂದೇ ಜಾತಿಯ ಎರಡು ಹಕ್ಕಿ ಯಾಕೆ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ ಅಂತ ಕೇಳುವವರು ಕಡಿಮೆ.

ಆದರೆ ನಿನ್ನ ಶೀರ್ಷಿಕೆ 'ಧೈರ್ಯದ ಜೀನ್ ಸಿಕ್ಕಿತು'. ಮೊದಲ ಸಾಲು 'ಹುಟ್ಟುಗುಣ ಸುಟ್ಟರೂ ಹೋಗದು'. ಎರಡನ್ನೂ ತೆಗೆದುಬಿಡು. ಓದಲು ಚೆನ್ನಾಗಿವೆ, ನಿಜ. ಆದರೆ ನೀನೇ ಮುಂದೆ ಬರೆದಿರುವ ವಿಜ್ಞಾನ ಅವೆರಡನ್ನೂ ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೆದರ್ಲೆಂಡ್ಸ್‌ನ ಪ್ರಯೋಗವನ್ನು ನೀನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀಯ: 'ಹಕ್ಕಿಗಳನ್ನು ಪರೀಕ್ಷಿಸಿ ಧೈರ್ಯಶಾಲಿ ಮತ್ತು ಪುಕ್ಕಲು ಎಂದು ವಿಂಗಡಿಸಿದರು.' ನನಗೆ ಕೇಳಿದರೆ ಇಡೀ ಲೇಖನದ ಜೀವ ಅಲ್ಲೇ ಇದೆ. ಅಲ್ಲಿ ನಿಲ್ಲು. ಓದುಗನನ್ನು ಆ ಕೋಣೆಯೊಳಗೆ ಕರೆದುಕೊಂಡು ಹೋಗು.

ಆ ಪ್ರಯೋಗದ ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಟಿಟ್, ನಮ್ಮ ಚೇಕಡಿಯ ಹತ್ತಿರದ ನೆಂಟ. ಮೊದಲು ಎರಡನ್ನೂ ಒಂದೇ ಜಾತಿ ಅಂತಲೇ ಎಣಿಸುತ್ತಿದ್ದರು. ಯುರೋಪಿನದಕ್ಕೆ ಹೊಟ್ಟೆ ಹಳದಿ, ನಮ್ಮದಕ್ಕೆ ಬೂದು ಬಿಳಿ. ಎರಡಕ್ಕೂ ಬಿಳಿ ಕೆನ್ನೆ, ಎದೆಯಿಂದ ಹೊಟ್ಟೆಯವರೆಗೆ ಕಪ್ಪು ಪಟ್ಟಿ. ಇಷ್ಟು ಹೇಳಿದರೆ ಚಾಮುಂಡಿ ಬೆಟ್ಟದಲ್ಲೋ ಮೇಲುಕೋಟೆಯಲ್ಲೋ ಅದನ್ನು ಕಂಡವರಿಗೆ ಹಕ್ಕಿ ಕಣ್ಣ ಮುಂದೆ ಬರುತ್ತದೆ.

ಕಾಡಿನಿಂದ ಹಿಡಿದು ತಂದ ಹಕ್ಕಿಯನ್ನು ರಾತ್ರಿ ಒಂದು ಸಣ್ಣ ಪಂಜರದಲ್ಲಿ ಇಡುತ್ತಾರೆ. ಪಕ್ಕದಲ್ಲೇ ಸುಮಾರು 4 ಮೀಟರ್ ಉದ್ದ, 2.4 ಮೀಟರ್ ಅಗಲದ ಕೋಣೆ. ಒಳಗೆ ಮರದಲ್ಲಿ ಮಾಡಿದ 5 ಕೃತಕ ಮರಗಳು, ಬೇರೇನೂ ಇಲ್ಲ. ಬೆಳಿಗ್ಗೆ ಹಕ್ಕಿಯನ್ನು ಒಂಟಿಯಾಗಿ ಒಳಗೆ ಬಿಡುತ್ತಾರೆ. ಮೊದಲ 2 ನಿಮಿಷದಲ್ಲಿ ಅದು ಎಷ್ಟು ಸಲ ಹಾರಿತು, ಎಷ್ಟು ಸಲ ಕುಪ್ಪಳಿಸಿತು ಅಂತ ಎಣಿಸುತ್ತಾರೆ. ಆಮೇಲೆ ಹಿಡಿದ ಜಾಗಕ್ಕೇ ಒಯ್ದು ಬಿಡುತ್ತಾರೆ. ಅಷ್ಟೇ! ಒಂದು ಹಕ್ಕಿ ಒಂದೇ ಸಮನೆ ಮರದಿಂದ ಮರಕ್ಕೆ ಹಾರಿ ಕೋಣೆಯನ್ನೆಲ್ಲ ಸುತ್ತಿಬಿಡುತ್ತದೆ. ಇನ್ನೊಂದು ಒಂದು ಕೊಂಬೆಯ ಮೇಲೆ ಕೂತು ಸುಮ್ನೆ ನೋಡುತ್ತದೆ. ತಿಂಗಳುಗಳ ನಂತರ ಅದೇ ಹಕ್ಕಿಯನ್ನು ಮತ್ತೆ ಹಿಡಿದು ಬಿಟ್ಟರೂ ಹೆಚ್ಚುಕಮ್ಮಿ ಅದೇ ಥರ ನಡೆದುಕೊಳ್ಳುತ್ತದೆ. ವಿಜ್ಞಾನಿಗಳು ಸ್ವಭಾವ ಅನ್ನುವುದು ಇದಕ್ಕೇ. ಒಂದು ದಿನದ ನಡವಳಿಕೆಗೆ ಅಲ್ಲ. ಹಕ್ಕಿ ಹಕ್ಕಿಗಳ ನಡುವಿನ ವ್ಯತ್ಯಾಸ ಕಾಲ ಸರಿದರೂ ಉಳಿಯಬೇಕು, ಆಗ ಮಾತ್ರ ಅದು ಸ್ವಭಾವ.

ಇಲ್ಲಿ 'ಧೈರ್ಯಶಾಲಿ', 'ಪುಕ್ಕಲು' ಅನ್ನೋದನ್ನ ನೀನು ಸೇರಿಸಿದ್ದು. ಅವರು ಅಳೆದದ್ದು ಹುಡುಕಾಟದ ವೇಗ. ವೇಗದ ಹಕ್ಕಿ, ನಿಧಾನದ ಹಕ್ಕಿ, ಅಷ್ಟು ಸಾಕು. ನಿಧಾನದ ಹಕ್ಕಿ ದಡ್ಡ ಅಲ್ಲ, ಹೇಡಿಯೂ ಅಲ್ಲ. ಊಟ ಸಿಗುವ ಜಾಗ ಬದಲಾದಾಗ ವೇಗದ ಹಕ್ಕಿಗಳು ಅಭ್ಯಾಸಬಲದಿಂದ ಹಳೇ ಜಾಗಕ್ಕೇ ಹೋಗುವುದು ಜಾಸ್ತಿ. ಬದಲಾವಣೆಯನ್ನು ಬೇಗ ಗಮನಿಸುವುದು ನಿಧಾನದವು. ಇಂಗ್ಲೆಂಡಿನ ವೈಥಮ್ ಕಾಡಿನಲ್ಲಿ ಇದೇ ಜಾತಿಯ ಹಕ್ಕಿಗಳನ್ನು 1947ರಿಂದ ಬಿಡದೆ ಗಮನಿಸುತ್ತಿದ್ದಾರೆ. ಅಲ್ಲಿ ಕಂಡದ್ದು ಇನ್ನೂ ಚೆಂದ. ವೇಗದವು ಗುಂಪಿನಿಂದ ಗುಂಪಿಗೆ ಅಲೆಯುತ್ತವೆ, ಒಡನಾಟ ಹಲವು, ಆದರೆ ಗಟ್ಟಿಯಲ್ಲ. ನಿಧಾನದವಕ್ಕೆ ಜೊತೆಗಾರರು ಕಡಿಮೆ, ಆದರೆ ಆ ಜೊತೆ ಬಾಳಿಕೆ ಬರುತ್ತದೆ.

ಈಗ ಜೀನ್ ವಿಷಯ. ನೆದರ್ಲೆಂಡ್ಸ್‌ನವರು ವೇಗದ ಹಕ್ಕಿಗೆ ವೇಗದ ಜೋಡಿ, ನಿಧಾನದ್ದಕ್ಕೆ ನಿಧಾನದ ಜೋಡಿ ಮಾಡಿ 4 ತಲೆಮಾರು ಬೆಳೆಸಿದರು. ಎರಡು ಸಾಲುಗಳೂ ಸ್ಪಷ್ಟವಾಗಿ ಬೇರೆಯಾದವು. ಅನುವಂಶೀಯತೆ 54 ಶೇಕಡಾ ಅಂತ 2003ರಲ್ಲಿ ಪ್ರಕಟಿಸಿದರು. ನೀನು ಇದನ್ನು 'ಹಕ್ಕಿಯ ಸ್ವಭಾವದಲ್ಲಿ ಅರ್ಧಕ್ಕಿಂತ ಹೆಚ್ಚು ಜೀನ್, ಉಳಿದದ್ದು ಪರಿಸರ' ಅಂತ ಬರೆದಿದ್ದೀಯ. ಇದು ತಪ್ಪು. ತುಂಬಾ ಜನ ಮಾಡುವ ತಪ್ಪು, ಹಾಗಾಗಿ ನಿನ್ನ ಲೇಖನ ಇದನ್ನು ಸರಿಯಾಗಿ ಹೇಳಿದರೆ ಅದೇ ದೊಡ್ಡ ಉಪಕಾರ.

ನಿಮ್ಮೂರಿನ ಗದ್ದೆಯನ್ನೇ ತಗೋ. ಒಂದೇ ತಾಕಿನಲ್ಲಿ ನಾಲ್ಕಾರು ತಳಿಯ ಭತ್ತ ಹಾಕಿ, ನೀರು ಗೊಬ್ಬರ ಸಮನಾಗಿ ಕೊಟ್ಟರೆ, ಪೈರಿನ ಎತ್ತರದಲ್ಲಿ ಕಾಣುವ ವ್ಯತ್ಯಾಸ ಬಹುಪಾಲು ತಳಿಯದು. ಅದೇ ಒಂದೇ ತಳಿಯನ್ನು ವಿ.ಸಿ. ನಾಲೆಯ ಮೇಲ್ಭಾಗದಲ್ಲೂ ನೀರು ಸರಿಯಾಗಿ ತಲುಪದ ಕೊನೇ ಭಾಗದಲ್ಲೂ ಹಾಕಿದರೆ, ವ್ಯತ್ಯಾಸವೆಲ್ಲ ನೀರಿನದು. ಭತ್ತ ಬೆಳೆಯುವ ಬಗೆಯೇನೂ ಬದಲಾಗಿಲ್ಲ. ಲೆಕ್ಕ ಮಾತ್ರ ತಲೆಕೆಳಗಾಯಿತು. ಶೇಕಡಾ 54 ಅನ್ನೋದೂ ಅಂಥದ್ದೇ ಲೆಕ್ಕ. ಆ ಹಕ್ಕಿಗಳ ಗುಂಪಿನಲ್ಲಿ, ಆ ಪರಿಸ್ಥಿತಿಯಲ್ಲಿ ಕಂಡ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಅದು. ಒಂದು ಹಕ್ಕಿಯನ್ನು ಕೈಯಲ್ಲಿ ಹಿಡಿದು ಇದರಲ್ಲಿ ಇಷ್ಟು ಜೀನ್, ಇಷ್ಟು ಪರಿಸರ ಅನ್ನಲು ಬರುವುದಿಲ್ಲ.

'ಧೈರ್ಯದ ಜೀನ್' ಅಂತ ನೀನು ಹೇಳುವುದು ಡಿಆರ್‌ಡಿ4. ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕವನ್ನು ಗ್ರಹಿಸುವ ಒಂದು ಪ್ರೋಟೀನಿನ ಜೀನ್ ಅದು. ಅದರ ಡಿಎನ್‌ಎ ಬರಹದಲ್ಲಿ ಒಂದು ಅಕ್ಷರದ ವ್ಯತ್ಯಾಸಕ್ಕೂ ಹುಡುಕಾಟದ ವೇಗಕ್ಕೂ ನಂಟಿದೆ ಅಂತ 2007ರಲ್ಲಿ ವರದಿಯಾಯಿತು. ನೀನು ಅಲ್ಲಿಗೇ ನಿಲ್ಲಿಸಿದ್ದೀಯ. ಕತೆ ಅಲ್ಲಿ ಮುಗಿಯಲಿಲ್ಲ. 2010ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂ, ಇಂಗ್ಲೆಂಡಿನ ಒಟ್ಟು 4 ಕಾಡುಗಳ ಹಕ್ಕಿಗಳಲ್ಲಿ ಅದೇ ನಂಟನ್ನು ಹುಡುಕಿದರು. ನೆದರ್ಲೆಂಡ್ಸ್‌ನ ವೆಸ್ಟರ್‌ಹೈಡೆ ಅನ್ನುವ ಒಂದು ಕಡೆ ಸಿಕ್ಕಿತು. ಉಳಿದ 3 ಕಡೆ ಸಿಗಲಿಲ್ಲ. ಸ್ವಭಾವದ ಹಿಂದೆ ಸಣ್ಣ ಸಣ್ಣ ಪ್ರಭಾವದ ಎಷ್ಟೋ ಜೀನ್‌ಗಳಿರುತ್ತವೆ, ಒಂದೂರಿನ ಲೆಕ್ಕ ಇನ್ನೊಂದೂರಿಗೆ ಹೊಂದಬೇಕಿಲ್ಲ. 2007ರ ಸುದ್ದಿ ಬರೆದವರು 2010ರದ್ದನ್ನೂ ಬರೆಯಲೇಬೇಕು. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ಜೀನ್ ಬಗ್ಗೆ ಬರೆಯುವ ಪ್ರತಿ ವಾಕ್ಯದಲ್ಲೂ ಯಾವ ಜಾತಿ, ಯಾವ ಕಾಡು, ಯಾವ ವರ್ಷ ಅನ್ನೋದು ಇರಲಿ. ವಾಕ್ಯ ಸ್ವಲ್ಪ ಭಾರವಾದರೂ ಪರವಾಗಿಲ್ಲ.

ವರ್ಣತಂತುವಿನ ಒಂದು ದೊಡ್ಡ ತುಂಡೇ ಸ್ವಭಾವವನ್ನು ಬದಲಿಸುವ ಉದಾಹರಣೆ ಬೇಕಿದ್ದರೆ ಉತ್ತರ ಅಮೆರಿಕದ ಬಿಳಿ ಕೊರಳಿನ ಗುಬ್ಬಿಯನ್ನು ತಗೋ. ಅದರ 2ನೇ ವರ್ಣತಂತುವಿನ ಒಂದು ದೊಡ್ಡ ಭಾಗ ಕೆಲವು ಹಕ್ಕಿಗಳಲ್ಲಿ ತಿರುಗುಮುರುಗಾಗಿದೆ. ಸಾವಿರಕ್ಕೂ ಹೆಚ್ಚು ಜೀನ್‌ಗಳು ಒಟ್ಟಿಗೇ ಸಾಗುತ್ತವೆ. ಹಾಗಿರುವವಕ್ಕೆ ತಲೆಯ ಮೇಲೆ ಬಿಳಿ ಪಟ್ಟೆ, ಜಗಳ ಜಾಸ್ತಿ, ಹಾಡು ಜಾಸ್ತಿ. ಇಲ್ಲದವಕ್ಕೆ ಕಂದು ಪಟ್ಟೆ, ಮರಿಗಳ ಆರೈಕೆ ಜಾಸ್ತಿ. ಬಿಳಿ ಪಟ್ಟೆಯದು ಹೆಚ್ಚುಕಡಿಮೆ ಯಾವಾಗಲೂ ಕಂದು ಪಟ್ಟೆಯದನ್ನೇ ಕೂಡುತ್ತದೆ. ಇದು ತೀರಾ ಅಪರೂಪದ ಏರ್ಪಾಡು, ಹಾಗಂತಲೇ ಬರೆ.

ಇನ್ನು ಗಾದೆಗೆ ಬರುತ್ತೇನೆ. ಹುಟ್ಟುತ್ತಲೇ ಬಂದದ್ದೆಲ್ಲ ಜೀನ್ ಅಂತ ನೀನು ತಿಳಿದ ಹಾಗಿದೆ. ಅಮೆರಿಕದ ಮೊಂಟಾನಾದ ನೀಲಿಹಕ್ಕಿಗಳ ಕೆಲಸವನ್ನು ದಯವಿಟ್ಟು ಓದು. ರೆನೆ ಡಕ್‌ವರ್ತ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಅವುಗಳ ಹಿಂದೆ ಬಿದ್ದವರು. ಪಶ್ಚಿಮದ ನೀಲಿಹಕ್ಕಿಗೆ ಗೂಡು ಕಟ್ಟಲು ಮರದ ಪೊಟರೆ ಬೇಕು. ತಾನೇ ಕೊರೆಯಲಾರದು. ಕಾಡ್ಗಿಚ್ಚು ಬಿದ್ದ ಕಡೆ ಪೊಟರೆಗಳು ಆಗುತ್ತವೆ, ಕಾಡು ಮತ್ತೆ ಬೆಳೆದಂತೆ ಮರೆಯಾಗುತ್ತವೆ. ಹೊಸ ಜಾಗಕ್ಕೆ ಮೊದಲು ನುಗ್ಗುವುದು ಜಗಳಗಂಟ ಗಂಡುಗಳು. ಅಲ್ಲಿರುವ ಬೆಟ್ಟದ ನೀಲಿಹಕ್ಕಿ ಅನ್ನುವ ಇನ್ನೊಂದು ಜಾತಿಯನ್ನು ಓಡಿಸಿ ಜಾಗ ಹಿಡಿಯುತ್ತವೆ. ಆದರೆ ಮರಿ ಸಾಕುವುದರಲ್ಲಿ ಅವು ಹಿಂದೆ. ಜಾಗ ಭದ್ರವಾದ ಮೇಲೆ ಕೆಲವೇ ತಲೆಮಾರುಗಳಲ್ಲಿ ಆ ಊರಿನಲ್ಲಿ ಶಾಂತ ಸ್ವಭಾವದವೇ ಹೆಚ್ಚುತ್ತವೆ.

ಮತ್ತೆ ಪೊಟರೆಗೆ ಪೈಪೋಟಿ ಬಂದಾಗ ಏನಾಗುತ್ತದೆ ಗೊತ್ತಾ? ಕಾದಾಡಿ ಕಾದಾಡಿ ಸುಸ್ತಾದ ತಾಯಿ ತನ್ನ ಮೊಟ್ಟೆಗೆ ಗಂಡು ಹಾರ್ಮೋನನ್ನು ಹೆಚ್ಚು ಸೇರಿಸುತ್ತದೆ. ಹುಟ್ಟಿದ ಗಂಡುಮರಿ ಜಗಳಗಂಟ ಆಗುತ್ತದೆ, ಬೆಳೆದು ದೂರ ಹೋಗಿ ಹೊಸ ಜಾಗ ಹುಡುಕುತ್ತದೆ. 2015ರಲ್ಲಿ ಪ್ರಕಟವಾದ ಕೆಲಸ ಇದು. ಆ ಮರಿಯ ಗುಣ ಹುಟ್ಟಿನಿಂದಲೇ ಬಂದದ್ದು ಹೌದು. ಆದರೆ ಅದು ಆ ವರ್ಷ ಆ ಬಯಲಿನಲ್ಲಿ ಎಷ್ಟು ಪೊಟರೆ ಖಾಲಿ ಇದ್ದವು ಅನ್ನುವುದರಿಂದ ಬಂತು. ತಾಯಿಯ ಪಾಡು ಮೊಟ್ಟೆಯೊಳಗೆ ಇಳಿಯಿತು. ಇಷ್ಟು ಒಳ್ಳೆಯ ಕತೆ ಕೈಯಲ್ಲಿರುವಾಗ ಗಾದೆ ಯಾಕೆ ಬೇಕು?

ನೀನು ಎಲ್ಲೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ವೇಗದ ಹಕ್ಕಿಯೇ ಮೇಲಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲವೂ ವೇಗದವೇ ಆಗಿರಬೇಕಿತ್ತು ಅಲ್ವಾ? ಉತ್ತರ ಬೀಚ್ ಮರದಲ್ಲಿದೆ. ನೆದರ್ಲೆಂಡ್ಸ್‌ನ ಅದೇ ವೆಸ್ಟರ್‌ಹೈಡೆ ಕಾಡಿನಲ್ಲಿ ಬೀಚ್ ಮರಗಳು ಒಂದು ವರ್ಷ ರಾಶಿ ರಾಶಿ ಬೀಜ ಉದುರಿಸುತ್ತವೆ, ಇನ್ನೊಂದು ವರ್ಷ ಏನೂ ಇಲ್ಲ. ಚಳಿಗಾಲದಲ್ಲಿ ಹಕ್ಕಿಗೆ ಅದೇ ಊಟ. 2004ರಲ್ಲಿ ನೀಲ್ಸ್ ಡಿಂಗೆಮಾನ್ಸೆ ಮತ್ತು ಜೊತೆಗಾರರು ತೋರಿಸಿದ್ದು ಇದು: ಯಾವ ಸ್ವಭಾವದ್ದು ಬದುಕುಳಿಯುತ್ತದೆ ಅನ್ನುವುದು ವರ್ಷದಿಂದ ವರ್ಷಕ್ಕೆ ತಿರುಗುತ್ತದೆ, ಬೀಜದ ಬೆಳೆಯ ಜೊತೆಗೇ ತಿರುಗುತ್ತದೆ. ಒಂದೇ ವರ್ಷದಲ್ಲಿ ಗಂಡಿಗೆ ಒಳ್ಳೆಯದಾದ ಸ್ವಭಾವ ಹೆಣ್ಣಿಗೆ ಕೆಟ್ಟದು. ಈ ವರ್ಷ ಗೆದ್ದದ್ದು ಮುಂದಿನ ವರ್ಷ ಸೋಲುತ್ತದೆ. ಹಾಗಾಗಿ ಎರಡು ಬಗೆಯೂ ಉಳಿದಿವೆ. ನನ್ನನ್ನು ಕೇಳಿದರೆ ಲೇಖನ ಕಟ್ಟಬೇಕಾದದ್ದು ಈ ಸಂಗತಿಯ ಸುತ್ತ.

ನಾನು ಇಷ್ಟು ಪಟ್ಟು ಹಿಡಿಯಲು ಕಾರಣ ಹಕ್ಕಿಗಳಷ್ಟೇ ಅಲ್ಲ. 'ಅವನ ರಕ್ತದಲ್ಲೇ ಇದೆ', 'ಅವರ ಮನೆತನವೇ ಹಾಗೆ' ಅನ್ನುವ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಅಂತ ನಿನಗೂ ಗೊತ್ತು. ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗನ ಬಗ್ಗೆ ಹೇಳುತ್ತಾರೆ, ಕೇರಿಗಳ ಬಗ್ಗೆ ಹೇಳುತ್ತಾರೆ, ಸೊಸೆಯ ತವರಿನ ಬಗ್ಗೆ ಹೇಳುತ್ತಾರೆ. 'ವಿಜ್ಞಾನಿಗಳೇ ಹೇಳಿದ್ದಾರೆ' ಅಂತ ಅವರ ಕೈಗೆ ಒಂದು ಸಾಲು ಸಿಕ್ಕರೆ ಸಾಕು. ಆ ಸಾಲು ನಿನ್ನದಾಗುವುದು ಬೇಡ.

ನಮ್ಮ ಹಕ್ಕಿಗಳನ್ನೂ ಲೇಖನಕ್ಕೆ ತರಬೇಕು ಅಂತ ಕೇಳಿದ್ದೀಯ. ತಾ. ಆದರೆ ಎಚ್ಚರದಿಂದ. ನಮ್ಮ ಕಾಂಪೌಂಡಿನ ಮೇಲೆ ಬಾಳೆಹಣ್ಣಿನ ತುಂಡು ಇಟ್ಟರೆ ಕೆಮ್ಮೀಸೆ ಪಿಕಳಾರಗಳು ಬರುತ್ತವೆ. ಪಕ್ಕದಲ್ಲಿ ಒಂದು ಸ್ಟೀಲ್ ಚಮಚ ಇಟ್ಟ ದಿನ ಒಂದು ಹಕ್ಕಿ ನೇರ ಇಳಿದು ಕುಕ್ಕುತ್ತದೆ, ಇನ್ನೊಂದು ಕರಿಬೇವಿನ ಗಿಡದಲ್ಲೇ ಕೂತು ಜುಟ್ಟು ನಿಮಿರಿಸಿ ಚಮಚವನ್ನೇ ನೋಡುತ್ತದೆ. ನೋಡಲು ಆಸೆಯಾಗುವ ದೃಶ್ಯ. ಆದರೆ ಇಂದು ಇಳಿದದ್ದೇ ನಾಳೆಯೂ ಇಳಿಯಿತಾ ಅಂತ ಹೇಳಲು ನನಗೆ ಗುರುತು ಸಿಗುವುದಿಲ್ಲ. ಯುರೋಪಿನವರು ಕಾಲಿಗೆ ನಂಬರಿನ ಉಂಗುರ ಹಾಕಿ ಗುರುತಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ತರಬೇತಿ ಪಡೆದವರೇ ಮಾಡಬೇಕು. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಬರೆ. 'ಒಂದು ಹಕ್ಕಿ ಇಳಿಯಿತು, ಒಂದು ಇಳಿಯಲಿಲ್ಲ' ಅನ್ನು. 'ಧೈರ್ಯದ ಪಿಕಳಾರ' ಅನ್ನಬೇಡ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಡಿವಾಳ ಹಕ್ಕಿ ಹಾಡುವಾಗ ಎಷ್ಟು ಹತ್ತಿರ ಹೋದರೆ ಹಾರುತ್ತದೆ ಅಂತ ನೋಡಬಹುದು. ನಡೆದಾಡುವವರ ಸಂತೆಯ ನಡುವೆ ಹಾಡುವ ಹಕ್ಕಿಗೂ ಮೇಲುಕೋಟೆಯ ಕುರುಚಲಿನ ಹಕ್ಕಿಗೂ ಹೋಲಿಸಬಹುದು. ಅದು ಸ್ವಭಾವವೋ, ಜನರನ್ನು ಕಂಡು ಕಂಡು ಆದ ಅಭ್ಯಾಸವೋ ಅನ್ನುವ ಪ್ರಶ್ನೆಯನ್ನು ತೆರೆದೇ ಇಡು. ಲೇಖನಕ್ಕೆ ಬೇಕು ಅಂತ ಮೊಬೈಲಿನಲ್ಲಿ ಹಾಡು ಹಾಕಿ ಹಕ್ಕಿಯನ್ನು ಕೆಣಕುವುದು ಮಾತ್ರ ಬೇಡವೇ ಬೇಡ, ಅದರಲ್ಲೂ ಗೂಡಿನ ಕಾಲದಲ್ಲಿ.

ಭಾಷೆ ಚೆನ್ನಾಗಿದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಅಂತರ್ಮುಖಿ ಹಕ್ಕಿ' ಅಂತ ಮೂರನೇ ಪುಟದಲ್ಲಿದೆ, ಅದನ್ನು ಹೊಡೆದುಹಾಕು. ಕೋಣೆಯ ಭಾಗವನ್ನು ಮೊದಲಿಗೆ ತಾ, ಬೀಚ್ ಬೀಜದ್ದನ್ನು ಹೊಸದಾಗಿ ಬರೆ, ಡಿಆರ್‌ಡಿ4ಕ್ಕೆ ಒಂದು ಪ್ಯಾರಾ ಸಾಕು. ಹೊಸ ಶೀರ್ಷಿಕೆಯಲ್ಲಿ ಜೀನ್ ಬೇಡ. ಬರೆದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳತಿ